ಆದೇಶದಲ್ಲಿ ‘ಏಕೆಂದರೆ’ ಎಲ್ಲಿದೆ?

ಸರ್ಕಾರಿ ಆದೇಶವೊಂದು ಮೇಜಿಗೆ ಬಂದರೆ ನಾನು ಮೊದಲು ಹುಡುಕುವುದು ‘ಏಕೆಂದರೆ’ ಎಂಬ ಪದವನ್ನು. ನಿಮ್ಮ ಸೌಲಭ್ಯ ನಿಲ್ಲಿಸಲಾಗಿದೆ, ಏಕೆಂದರೆ... ಅದರ ಮುಂದೆ ಬರೆದ ಕಾರಣವೇ ಮೇಲ್ಮನವಿಗೆ ನೆಲೆ. ಅಲ್ಲಿ ‘ಕಂಪ್ಯೂಟರ್ ವ್ಯವಸ್ಥೆಯ ಲೆಕ್ಕದಂತೆ’ ಎಂದಷ್ಟೇ ಇದ್ದರೆ ವಕೀಲ ಯಾವುದನ್ನು ಅಲ್ಲಗಳೆಯಬೇಕು?

ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣವನ್ನು ಕಿರಿಯ ವಕೀಲರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಅಲ್ಲಿ ಭತ್ಯೆ ಪಡೆಯುವವರು ಎರಡು ವಾರಕ್ಕೊಮ್ಮೆ ಆದಾಯ ತಿಳಿಸಬೇಕು. 2015ರಲ್ಲಿ ಶುರುವಾದ ಯೋಜನೆಯಲ್ಲಿ ಯಂತ್ರವು ತೆರಿಗೆ ಕಡತದ ವಾರ್ಷಿಕ ಆದಾಯವನ್ನು 26ರಿಂದ ಭಾಗಿಸತೊಡಗಿತು. ವಿದ್ಯಾರ್ಥಿನಿಯೊಬ್ಬಳು ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದಳು ಎಂದುಕೊಳ್ಳಿ. ಭಾಗಿಸಿದರೆ ಎರಡು ವಾರಕ್ಕೆ 1,000. ಖಾಲಿ ಕುಳಿತ ದಿನಗಳಲ್ಲೂ ಆಕೆ ದುಡಿದಂತೆ, ಅದನ್ನು ಮುಚ್ಚಿಟ್ಟಂತೆ ಕಾಣುತ್ತದೆ. ಹೆಚ್ಚಾಗಿ ಪಡೆದ ಭತ್ಯೆ ಈಗ ನಿಮ್ಮ ಸಾಲ, ಅದನ್ನು ತೀರಿಸಿ, ಇಲ್ಲವೇ ಸುಳ್ಳೆಂದು ನೀವೇ ರುಜುವಾತು ಮಾಡಿ ಎಂದು ನೋಟಿಸು! ವರ್ಷಗಳ ಹಿಂದಿನ ಸಂಬಳದ ಚೀಟಿಗಾಗಿ ಜನ ಅಲೆದರು. 2019ರಲ್ಲಿ ಈ ಲೆಕ್ಕದ ಸಾಲಕ್ಕೆ ಕಾನೂನಿನ ಆಧಾರವಿಲ್ಲವೆಂದು ನ್ಯಾಯಾಲಯದಲ್ಲಿ ಸ್ಥಿರಪಟ್ಟಿತು. ಅಲ್ಲಿದ್ದದ್ದು ಕೃತಕ ಬುದ್ಧಿಮತ್ತೆಯೂ ಅಲ್ಲ, ಬರಿಯ ಭಾಗಾಕಾರ. ಕಟ್ಟಿದವರಿಗೂ ಪೂರ್ತಿ ಬಿಡಿಸಿ ಹೇಳಲಾಗದ ಯಂತ್ರಗಳು ಈಗ ಬರುತ್ತಿವೆ ಎಂಬುದು ನನ್ನ ನಿಜವಾದ ಆತಂಕ.

ಅಮೆರಿಕದ ಐಡಹೋದಲ್ಲಿ ಅಂಗವಿಕಲರ ಆರೈಕೆಯ ಹಣ ಏಕಾಏಕಿ ಇಳಿಯಿತು. ಮೊತ್ತ ಲೆಕ್ಕ ಹಾಕಿದ ಸೂತ್ರ ತೋರಿಸಿ ಎಂದರೆ ವ್ಯಾಪಾರ ರಹಸ್ಯ ಎಂಬ ಉತ್ತರ. ನ್ಯಾಯಾಲಯ ಬಿಡಲಿಲ್ಲ. ಹೊರಬಂದದ್ದು ಒಂದು ಎಕ್ಸೆಲ್ ಹಾಳೆ, ಅದರ ಹಿಂದೆ ದೋಷಪೂರ್ಣ ಮಾಹಿತಿ. ಸಂವಿಧಾನ ಖಾತರಿಪಡಿಸಿದ ನ್ಯಾಯಯುತ ಪ್ರಕ್ರಿಯೆಯ ಉಲ್ಲಂಘನೆ ಇದು ಎಂದು 2016ರಲ್ಲಿ ತೀರ್ಪಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಸರ್ಕಾರಿ ಭತ್ಯೆಯಲ್ಲಿ ವಂಚಿಸುವವರನ್ನು ಗುರುತಿಸಲು ತಂದ ‘ಸಿರಿ’ (SyRI) ಎಂಬ ಕಂಪ್ಯೂಟರ್ ವ್ಯವಸ್ಥೆಯ ಕಾನೂನು ಹೇಗ್ ನ್ಯಾಯಾಲಯದಲ್ಲಿ 2020ರಲ್ಲಿ ಬಿದ್ದುಹೋದದ್ದೂ ಖಾಸಗಿತನದ ಹಕ್ಕಿನ ಜೊತೆಗೆ ಇದೇ ಪಾರದರ್ಶಕತೆಯ ಪ್ರಶ್ನೆಯ ಮೇಲೆ.

‘ಕೊನೆಗೆ ಅಧಿಕಾರಿಯೇ ಸಹಿ ಹಾಕುತ್ತಾರಲ್ಲ’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಯಾವ ಮಾಹಿತಿ, ಯಾರು ತುಂಬಿದ್ದು, ಯಾವ ದಿನ ಎಂದು ಅರ್ಜಿಯ ಮೊದಲ ಪುಟದಲ್ಲೇ ಕೇಳುತ್ತೇನೆ. ಆಮೇಲೆ ಕೇಳುವುದು, ಪರದೆಯ ಮೇಲಿನ ಅಂಕಿ ತಪ್ಪೆನಿಸಿದರೆ ಅದನ್ನು ಬದಿಗಿಡುವ ಅಧಿಕಾರ ಸಹಿ ಹಾಕಿದವರಿಗೆ ಇತ್ತೇ ಎಂದು. ಇರಲಿಲ್ಲವೆಂದರೆ ಆ ಆದೇಶ ಅವರದ್ದಲ್ಲ. ತೀರ್ಮಾನಿಸುವ ಅಧಿಕಾರವನ್ನು ಶಾಸನ ಕೊಟ್ಟದ್ದು ಅವರಿಗೆ, ಯಂತ್ರ ಮಾರಿದ ಕಂಪನಿಗಲ್ಲ.