ಮ್ಯಾಕ್ರೋ, ಕ್ಯಾಲೊರಿ ಮತ್ತು ನಮ್ಮ ಊಟದ ಬಾಳೆ

ಶಿರಸಿಯ ಜಿಮ್ಮಿರಲಿ, ಕಾರವಾರದ ಕಡಲತೀರದ ಬೆಳಗಿನ ವಾಕಿಂಗ್ ಇರಲಿ, ತೂಕದ ಮಾತು ಬಂದರೆ ಈಗ 'ಮ್ಯಾಕ್ರೋ' ಬಂದೇ ಬರುತ್ತದೆ. ಪೂರ್ತಿ ಹೆಸರು ಮ್ಯಾಕ್ರೋನ್ಯೂಟ್ರಿಯೆಂಟ್. ದಿನವೂ ಹತ್ತಾರು, ನೂರಾರು ಗ್ರಾಂ ಬೇಕಾಗುವ ಪೋಷಕಾಂಶಗಳಿವು: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು. ವಿಟಮಿನ್, ಕಬ್ಬಿಣ, ಅಯೋಡಿನ್ ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದವು, ಅವಕ್ಕೆ ಮೈಕ್ರೋ ಎನ್ನುತ್ತಾರೆ.

ಕ್ಯಾಲೊರಿ ಪೋಷಕಾಂಶವಲ್ಲ, ಶಕ್ತಿಯ ಅಳತೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖ ಒಂದು ಕಿಲೋಕ್ಯಾಲೊರಿ. ಆಹಾರದ ವಿಷಯದಲ್ಲಿ ನಾವು ಕ್ಯಾಲೊರಿ ಎನ್ನುವುದು ಇದನ್ನೇ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್‌ವಾಟರ್ ರೂಪಿಸಿದ ಲೆಕ್ಕವೇ ಇವತ್ತಿಗೂ ಚಾಲ್ತಿಯಲ್ಲಿದೆ: ಗ್ರಾಂ ಕಾರ್ಬೋಹೈಡ್ರೇಟಿಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9. ಮದ್ಯದಲ್ಲಿರುವ ಆಲ್ಕೋಹಾಲಿಗೆ 7. ಗೋವಾ ಗಡಿ ಪಕ್ಕದಲ್ಲೇ ಇರುವವರು ಈ ಕೊನೆಯ ಅಂಕಿಯನ್ನು ಮರೆಯದಿರುವುದು ಒಳ್ಳೆಯದು.

ತೂಕ ಇಳಿಯುವುದು ಕ್ಯಾಲೊರಿಯಿಂದ. ಮೈ ಖರ್ಚು ಮಾಡುವುದಕ್ಕಿಂತ ಕಡಿಮೆ ತಿಂದರೆ ಇಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದರಿಂದ ಯಾವ ಡಯಟ್‌ಗೂ ವಿನಾಯಿತಿ ಇಲ್ಲ. ಇಳಿದದ್ದು ಕೊಬ್ಬೋ ಸ್ನಾಯುವೋ, ಎರಡು ತಾಸಿಗೇ ಮತ್ತೆ ಹಸಿವಾಗುತ್ತದೋ ಇಲ್ಲವೋ ಎನ್ನುವುದರಲ್ಲಿ ಮ್ಯಾಕ್ರೋಗಳ ಕೈವಾಡ ದೊಡ್ಡದು.

ನಮ್ಮಲ್ಲಿ ಎಲ್ಲರ ಕಣ್ಣು ಬೀಳುವುದು ಅನ್ನದ ಮೇಲೆ. 'ರಾತ್ರಿ ಅನ್ನ ಬಿಟ್ಟೆ, ಚಪಾತಿ ಅಷ್ಟೇ' ಎನ್ನುವವರು ಮನೆಗೊಬ್ಬರು. ಅಕ್ಕಿಯಾಗಲಿ ಗೋಧಿಹಿಟ್ಟಾಗಲಿ 100 ಗ್ರಾಂಗೆ 350 ಕ್ಯಾಲೊರಿಯ ಆಸುಪಾಸೇ. ಚಪಾತಿಯಿಂದ ಕೆಲವರಿಗೆ ಲಾಭವಾಗುವುದಕ್ಕೆ ಒಂದು ಕಾರಣ ಸರಳ: ಚಪಾತಿಯನ್ನು ಎಣಿಸಿ ತಿನ್ನುತ್ತೇವೆ, ಅನ್ನದ ಸಟ್ಟುಗವನ್ನು ಯಾರೂ ಎಣಿಸುವುದಿಲ್ಲ. ಮಾವಿನಕಾಯಿಯ ತಿಳಿಸಾರಿನಂಥ ಅಪ್ಪೆಹುಳಿಯಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದು ಇನ್ನೊಂದು ಸಟ್ಟುಗ ಅನ್ನ ಹಾಕಿಸಿಕೊಳ್ಳದೆ ಬಿಡುವುದಿಲ್ಲ!

ಲೆಕ್ಕ ತಪ್ಪಿಸಿಕೊಂಡು ಓಡಾಡುವುದು ತೆಂಗು. 100 ಗ್ರಾಂ ಹಸಿ ಕಾಯಿಯಲ್ಲೂ ಸುಮಾರು 350 ಕ್ಯಾಲೊರಿ, ಹೆಚ್ಚಿನ ಪಾಲು ಕೊಬ್ಬಿನಿಂದ. ದೊಡ್ಡ ಚಮಚ ಕೊಬ್ಬರಿ ಎಣ್ಣೆ ಅಂದರೆ 120. ಘಟ್ಟದ ಮೇಲೆ ಹುಳಿ, ಸಾಸಿವೆ, ಕರಾವಳಿಯಲ್ಲಿ ಮೀನಿನ ಸಾರು, ಎಲ್ಲದಕ್ಕೂ ಕಾಯಿ ಬೀಸಲೇಬೇಕು. ಬಿಡಿ ಎನ್ನುತ್ತಿಲ್ಲ, ಬಿಟ್ಟರೆ ಅದು ನಮ್ಮ ಅಡುಗೆಯೇ ಅಲ್ಲ. ಅರ್ಧ ಕಡಿ ಬೀಸುವಲ್ಲಿ ಕಾಲು ಕಡಿ ಬೀಸಬಹುದು.

ನನ್ನ ಪ್ರಕಾರ ನಿಜವಾದ ಕೊರತೆ ಪ್ರೋಟೀನಿನದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, 60 ಕಿಲೋ ಇರುವವರಿಗೆ 50 ಗ್ರಾಂ. ಅನ್ನ, ತಿಳಿಸಾರು, ತಂಬುಳಿ, ಮಜ್ಜಿಗೆಯ ಊಟದಿಂದ ಇಷ್ಟು ಹುಟ್ಟುವುದು ಕಷ್ಟ. 100 ಗ್ರಾಂ ಅಕ್ಕಿಯಲ್ಲಿ ಇರುವುದೇ ಏಳೆಂಟು ಗ್ರಾಂ. ಅಷ್ಟೇ ಹೆಸರುಕಾಳಿನಲ್ಲಿ ಇಪ್ಪತ್ತಕ್ಕೂ ಹೆಚ್ಚು. ಬಂಗಡೆಯಲ್ಲೂ 20ರ ಹತ್ತಿರ, ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಹುರಿದರೆ ಕ್ಯಾಲೊರಿ ಏರಿತು. ನದಿ ಕಡಲು ಸೇರುವ ಅಳಿವೆಯಲ್ಲಿ ಸಿಗುವ ಬಳಚಿನಲ್ಲಿ (ಚಿಪ್ಪುಮೀನು) ಕೊಬ್ಬು ತೀರ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಯಾಂತ್ರೀಕೃತ ಬೋಟುಗಳು ದಡದಲ್ಲಿರುವಾಗ ಮೊಟ್ಟೆ, ಕಾಳು ಇದ್ದೇ ಇವೆ. ಒಣಮೀನಿನಲ್ಲೂ ಪ್ರೋಟೀನ್ ಧಾರಾಳ, ಉಪ್ಪೂ ಧಾರಾಳ.

ಪ್ರೋಟೀನಿಗೆ ಇನ್ನೊಂದು ಗುಣವಿದೆ: ಅದನ್ನು ಅರಗಿಸಲಿಕ್ಕೇ ಅದರ ಶಕ್ತಿಯ 20ರಿಂದ 30 ಶೇಕಡಾ ಖರ್ಚಾಗುತ್ತದೆ. ಕಾರ್ಬೋಹೈಡ್ರೇಟಿಗೆ ಇದು 5ರಿಂದ 10, ಕೊಬ್ಬಿಗೆ ಹೆಚ್ಚೆಂದರೆ 3. ಹೊಟ್ಟೆ ತುಂಬಿದ ಭಾವವೂ ಹೆಚ್ಚು ಹೊತ್ತು ಉಳಿಯುತ್ತದೆ.

ಅನ್ನ ಪೂರ್ತಿ ಬಿಟ್ಟವರಿಗೆ ಮೊದಲ ವಾರವೇ ಎರಡು ಕಿಲೋ ಇಳಿದೀತು. ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಕಾರ್ಬೋಹೈಡ್ರೇಟ್ ದಾಸ್ತಾನು ತನ್ನ ಮೂರು ಪಟ್ಟಿನಷ್ಟು ನೀರನ್ನು ಹಿಡಿದಿರುತ್ತದೆ, ಅದು ಕರಗಿದಾಗ ನೀರೂ ಹೋಗುತ್ತದೆ. ಮದುವೆಮನೆಯಲ್ಲಿ ಎರಡು ದಿನ ಉಂಡರೆ ವಾಪಸು. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ ದಿನಕ್ಕೆ 500 ಕಡಿತ ಮಾಡಿದರೂ ವಾರಕ್ಕೆ ಅರ್ಧ ಕಿಲೋ ಸಿಕ್ಕೀತು. ಮೈ ಹಗುರಾದಂತೆ ಖರ್ಚೂ ತಗ್ಗುವುದರಿಂದ ಆ ವೇಗವೂ ನಿಧಾನವಾಗುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಹೆಚ್ಚಿನ ಪ್ರೋಟೀನ್ ಒಗ್ಗದಿರಬಹುದು. ಇವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.