ಗೇಟು ತೆಗೆದುಬಿಟ್ಟರೆ ಪ್ರಾಣಿಗಳು ತಾವೇ ಬದುಕಿಕೊಳ್ಳಲ್ವಾ?

ಪ್ರಶ್ನೆ: ಕಾಡ್ಗಿಚ್ಚು ಬಂದು ಊರು ಖಾಲಿ ಮಾಡಿಸುವಾಗ ಪ್ರಾಣಿಗಳನ್ನು ಸಾಗಿಸಲು ಸ್ವಯಂಸೇವಕರು ಯಾಕೆ ಬೇಕು? ಬಿಚ್ಚಿಬಿಟ್ಟರೆ ಸಾಕಲ್ವಾ?

ಬೆಂಕಿಯ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಹಿಂದೆಯೇ "ಪ್ರಾಣಿಗಳಿಗೆ ಎಲ್ಲ ಮೊದಲೇ ಗೊತ್ತಾಗುತ್ತೆ" ಎನ್ನುವ ಮಾತು. ಸಾಕಲ್ಲ ಸ್ವಾಮಿ. ಇನ್ನೊಂದು ಸಲ ಹೇಳುತ್ತೇನೆ.

ಕಾಡಿನ ಜಿಂಕೆ ಬೇರೆ, ಸಾಕಿದ ಕುದುರೆ ಬೇರೆ. ಕುದುರೆಗೆ ಮೇವು, ನೀರು, ಜೊತೆಗಾರರು ಎಲ್ಲ ಸಿಗುವುದು ಲಾಯದಲ್ಲಿ. ಹೆದರಿದರೆ ಅದು ಓಡುವುದೂ ಅಲ್ಲಿಗೇ, ಲಾಯ ಉರಿಯುತ್ತಿದ್ದರೂ. 2017ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ರೇ ಡೌನ್ಸ್ ಎಂಬ ರೇಸ್ ಕುದುರೆಗಳ ತರಬೇತಿ ಕೇಂದ್ರಕ್ಕೆ ಬೆಂಕಿ ನುಗ್ಗಿತು. ಸಾಗಿಸಲು ಹೊತ್ತಿರಲಿಲ್ಲ. ನೂರಾರು ಕುದುರೆಗಳನ್ನು ಬಿಚ್ಚಿಬಿಟ್ಟರು. ಅದರಿಂದ ಬಹಳಷ್ಟು ಉಳಿದವು, ಇಲ್ಲ ಅನ್ನುವುದಿಲ್ಲ. ಆದರೆ ಕೆಲವು ತಿರುಗಿ ಲಾಯಕ್ಕೇ ನುಗ್ಗಿದವು. ಒಟ್ಟು 46 ಕುದುರೆಗಳು ಸತ್ತವು. ಬೇರೆ ದಾರಿಯೇ ಇಲ್ಲದಾಗ ಮಾಡಿದ ಕೆಲಸ ಅದು. ಅದನ್ನೇ ಯೋಜನೆ ಅಂದುಕೊಂಡು ಕೂರುವುದು ಸರಿಯಲ್ಲ.

ರಸ್ತೆಯನ್ನೂ ನೆನೆಸಿಕೊಳ್ಳಿ. ಎಲ್ಲೆಲ್ಲೂ ಹೊಗೆ. ಜನರ ಕಾರುಗಳು ಹೊರಗೆ ಬರುತ್ತಿವೆ, ಅಗ್ನಿಶಾಮಕ ವಾಹನಗಳು ಒಳಗೆ ಹೋಗುತ್ತಿವೆ. ನಡುವೆ ನೀವು ಬಿಟ್ಟ ಕುದುರೆ!

ಬಿಡಲೇಬೇಕಾಗಿ ಬಂದರೆ ಪೊದೆ, ಒಣಹುಲ್ಲು ಇಲ್ಲದ ಬಯಲಿಗೆ ಬಿಡಿ. ಮತ್ತೆ ಒಳಗೆ ಹೋಗದಂತೆ ಲಾಯದ ಬಾಗಿಲು ಭದ್ರ ಮಾಡಿ. ತಲೆಗೆ ಕಟ್ಟಿದ ನೈಲಾನ್ ಪಟ್ಟಿ (ಹಾಲ್ಟರ್) ಬಿಚ್ಚಿಬಿಡಿ, ಕಾವಿಗೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಮೈಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ. ತೊಟ್ಟಿ ತುಂಬಿಸಿಡಿ, ಕರೆಂಟ್ ಹೋದರೆ ಪಂಪ್ ನಡೆಯುವುದಿಲ್ಲ.

ಬೆಕ್ಕಿನ ಕಥೆಯೇ ಬೇರೆ. ಅದು ಓಡುವುದಕ್ಕಿಂತ ಅಡಗುವುದೇ ಜಾಸ್ತಿ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಕಾಡ್ಗಿಚ್ಚಿಗೆ ಸುಟ್ಟುಹೋದಾಗ, ಬೆಂಕಿ ಆರಿ ತಿಂಗಳುಗಳಾದ ಮೇಲೂ ಸ್ವಯಂಸೇವಕರು ಬೂದಿಯ ನಡುವೆ ಬೋನು, ಕ್ಯಾಮೆರಾ ಇಟ್ಟು ಬೆಕ್ಕು ಹುಡುಕುತ್ತಿದ್ದರು.

ಸರ್ಕಾರವೇ ಇದನ್ನೆಲ್ಲ ನೋಡಿಕೊಳ್ಳಬಾರದಾ? ಕತ್ರಿನಾ ಚಂಡಮಾರುತದ ನಂತರ, 2006ರಲ್ಲಿ, ಜನರ ಜೊತೆ ಸಾಕುಪ್ರಾಣಿಗಳನ್ನೂ ಸಾಗಿಸುವ ಯೋಜನೆ ಇರಬೇಕು ಎಂದು ಅಮೆರಿಕದಲ್ಲಿ ಕಾನೂನು ಬಂತು. ಅದು ನಾಯಿ, ಬೆಕ್ಕುಗಳಂಥ ಮನೆಯೊಳಗಿನ ಪ್ರಾಣಿಗಳಿಗೆ. ಕುದುರೆ, ದನ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಟ್ರೇಲರ್ ಇರುವವರು, ಹಠ ಹಿಡಿದ ಕುದುರೆಯನ್ನು ಅದಕ್ಕೆ ಹತ್ತಿಸಬಲ್ಲವರು ಬೇಕಾಗುತ್ತಾರೆ. ಸಾಗಿಸಿದ ಪ್ರಾಣಿಗಳನ್ನಿಡುವ ಶಿಬಿರದಲ್ಲಿ ಲದ್ದಿ ತೆಗೆಯುವವರು, ಯಾವ ಪ್ರಾಣಿ ಯಾರದ್ದು ಎಂದು ಬರೆದಿಡುವವರೂ ಬೇಕು. ಉತ್ಸಾಹವಿದೆ ಅಂತ ಸುಮ್ನೆ ಬೆಂಕಿ ಇರುವ ಕಡೆ ನುಗ್ಗುವಂತಿಲ್ಲ. ತರಬೇತಿ ಬೇಕು, ಅನುಮತಿಯೂ ಬೇಕು.

ಅಂದಹಾಗೆ, ಯಾರೂ ಕೇಳದ ಒಂದು ವಿಷಯ. ಕುದುರೆ ಮನೆಗೆ ಬಂತು, ನೋಡಲು ಚೆನ್ನಾಗೇ ಇದೆ. ಸವಾರಿ ಶುರು ಮಾಡಬಹುದಾ? ಬೇಡ. ಹೊಗೆಯಿಂದ ಹಾಳಾದ ಉಸಿರುನಾಳ ವಾಸಿಯಾಗಲು 4ರಿಂದ 6 ವಾರ ಹಿಡಿಯುತ್ತದೆ. ಕೆಮ್ಮಿದರೆ, ನಿಂತಲ್ಲೇ ಏದುಸಿರು ಬಿಟ್ಟರೆ ವೈದ್ಯರನ್ನು ಕರೆಯಿರಿ. ಅಷ್ಟು ದಿನ ಒಣಹುಲ್ಲನ್ನು ನೆನೆಸಿಯೇ ಹಾಕಿ, ಧೂಳು ಏಳುವುದಿಲ್ಲ.