‘ನರರಕ್ಷಕ’ ಸಾರ: ರಕ್ಷಣೆ ಯಾತರಿಂದ?

ಹಾಸನ, ಚಿಕ್ಕಮಗಳೂರಿನ ಗ್ರಂಥಿಗೆ ಅಂಗಡಿಗಳಲ್ಲಿ ಈಗ ‘ನರರಕ್ಷಕ’ ಅನ್ನುವ ಪದಕ್ಕೆ ಬರವಿಲ್ಲ. ಒಂದೆಲಗದ ಪುಡಿಗೂ ಅದೇ ಬಿರುದು, ಅಶ್ವಗಂಧದ ಕ್ಯಾಪ್ಸೂಲಿಗೂ ಅದೇ. ವಾಟ್ಸಾಪಿಗೆ ಬರುವಷ್ಟರಲ್ಲಿ ಅದು ‘ಲಕ್ವ ಬರದಂತೆ ತಡೆಯುತ್ತದೆ’ ಎಂದಾಗಿರುತ್ತದೆ. ಪದಕ್ಕೆ ಆ ಅರ್ಥವೇ ಇಲ್ಲ.

ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಾಗ, ಆ ನಾಳದಿಂದ ರಕ್ತ ಪಡೆಯುತ್ತಿದ್ದ ಜಾಗದ ನಡುವಿನ ಭಾಗ ನಿಮಿಷಗಳಲ್ಲೇ ಸಾಯುತ್ತದೆ. ಸುತ್ತಲಿನ ಅಂಚಿಗೆ ಅಕ್ಕಪಕ್ಕದ ನಾಳಗಳಿಂದ ಅಷ್ಟಿಷ್ಟು ರಕ್ತ ಸಿಗುತ್ತಿರುತ್ತದೆ. ಅದು ಕೆಲಸ ನಿಲ್ಲಿಸಿದ್ದರೂ ಸತ್ತಿರುವುದಿಲ್ಲ. ಈ ಅಂಚಿಗೆ ಪೆನಂಬ್ರ ಎನ್ನುತ್ತಾರೆ. ಅಲ್ಲಿನ ಜೀವಕೋಶಗಳನ್ನು ಸಾಯದಂತೆ ಹಿಡಿದಿಡುವ ಗುಣಕ್ಕೆ ಇಟ್ಟ ಹೆಸರು ನರರಕ್ಷಣೆ, ಅಂದರೆ ನ್ಯೂರೋಪ್ರೊಟೆಕ್ಷನ್. ಲಕ್ವವೇ ಬರದಂತೆ ನೋಡಿಕೊಳ್ಳುವ ಕೆಲಸ ಬಿಪಿ ಮಾತ್ರೆಯದು, ಸಕ್ಕರೆಯ ಹತೋಟಿಯದು, ಬೀಡಿ ಬಿಡುವುದರದು.

ಗಿಡಮೂಲಿಕೆಗಳಿಗೆ ಈ ಬಿರುದು ಸಿಕ್ಕಿದ್ದು ಹೆಚ್ಚಾಗಿ ಇಲಿಗಳಿಂದ. ಇಲಿಯ ಕುತ್ತಿಗೆಯ ನಾಳದೊಳಗೆ ನೈಲಾನ್ ಎಳೆ ತೂರಿಸಿ, ಮಿದುಳಿನ ಮಧ್ಯ ಅಪಧಮನಿಯನ್ನು ಒಂದೆರಡು ಗಂಟೆ ಮುಚ್ಚಿ, ಎಳೆ ತೆಗೆಯುತ್ತಾರೆ. ಸಾಮಾನ್ಯವಾಗಿ ಮರುದಿನ ಮಿದುಳನ್ನು 2 ಮಿಲಿಮೀಟರ್ ಬಿಲ್ಲೆಗಳಾಗಿ ಕತ್ತರಿಸಿ ಟಿಟಿಸಿ ಎಂಬ ರಾಸಾಯನಿಕದ ದ್ರಾವಣದಲ್ಲಿ ಮುಳುಗಿಸುತ್ತಾರೆ. ಜೀವಂತ ಭಾಗ ಕೆಂಪಾಗುತ್ತದೆ, ಸತ್ತದ್ದು ಬಿಳಿಚಿಕೊಂಡೇ ಉಳಿಯುತ್ತದೆ. ಸಾರ ಕೊಟ್ಟ ಇಲಿಯಲ್ಲಿ ಬಿಳಿ ಕಡಿಮೆಯಾದರೆ ಸಾರ ‘ನರರಕ್ಷಕ’. ಎಡವಟ್ಟು ಇರುವುದು ಇಲ್ಲೇ: ಎಷ್ಟೋ ಪ್ರಯೋಗಗಳಲ್ಲಿ ಸಾರವನ್ನು ನಾಳ ಮುಚ್ಚುವ ಮೊದಲೇ ದಿನಗಟ್ಟಲೆ ಕುಡಿಸಿರುತ್ತಾರೆ. ಮೂಡಿಗೆರೆಯ ತೋಟದಲ್ಲಿ ಕುಸಿದವರಿಗೆ ಲಕ್ವ ಹೇಳಿ ಬಂದಿರುವುದಿಲ್ಲ. 2006ರಲ್ಲಿ ಲೆಕ್ಕ ಹಾಕಿದಾಗ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಲಕ್ವದ 1,026 ಚಿಕಿತ್ಸೆಗಳು ಸಿಕ್ಕವು. ಮನುಷ್ಯರ ಮೇಲೆ ಪ್ರಯೋಗವಾದದ್ದು 114.

ಇನ್ನು ‘ಸಾರ’. ತಂಬುಳಿಗೆ ಅರೆದ ಒಂದೆಲಗ ಸಾರವಲ್ಲ, ಹದಿನಾರು ಪಾಲು ನೀರು ಹಾಕಿ ಎಂಟನೇ ಒಂದಕ್ಕೆ ಇಳಿಸಿದ ಕಷಾಯವೂ ಅಲ್ಲ. ಪ್ರಯೋಗಾಲಯದಲ್ಲಿ ಒಣ ಎಲೆಯನ್ನು ಹೆಚ್ಚಾಗಿ ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಆವಿಯಾಗಿಸಿ ಉಳಿಸಿಕೊಂಡದ್ದು ಸಾರ. ಒಂದೆಲಗದ ಮುಖ್ಯ ಅಂಶಗಳಲ್ಲೊಂದಾದ ಏಷ್ಯಾಟಿಕ್ ಆಮ್ಲ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಹಾಗಾಗಿ ಆಲ್ಕೋಹಾಲಿನ ಸಾರದ ಫಲಿತಾಂಶವನ್ನು ಕಷಾಯದ ಲೆಕ್ಕಕ್ಕೆ ಬರೆಯಲಾಗದು. ಡಬ್ಬಿಯ ಮೇಲಿನ 10:1 ಅಂದರೆ ಹತ್ತು ಗ್ರಾಂ ಎಲೆಯಿಂದ ಒಂದು ಗ್ರಾಂ ಸಾರ, ಅಷ್ಟೇ. ಒಳಗೆ ಯಾವ ಅಂಶ ಎಷ್ಟಿದೆ ಎಂದು ಅದು ಹೇಳುವುದಿಲ್ಲ. (ಒಂದೆಲಗ, ನೀರುಬ್ರಾಹ್ಮಿ ಎರಡನ್ನೂ ‘ಬ್ರಾಹ್ಮಿ’ ಎಂದೇ ಮಾರುತ್ತಾರೆ. ಗಿಡವೂ ಬೇರೆ, ಅಂಶಗಳೂ ಬೇರೆ.)

ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದವರಿಗೆ ಒಂದೆಲಗದ ರಸ ಹಿಂಡುವವರು ಇಂದಿಗೂ ಇದ್ದಾರೆ. ನುಂಗುವ ಸ್ನಾಯುವೂ ಸೋತಿದ್ದರೆ ಆ ರಸ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಾಯಿಗೆ ನೀರನ್ನೂ ಹಾಕದೆ, ಲಕ್ಷಣ ಶುರುವಾದ ಹೊತ್ತು ಬರೆದುಕೊಂಡು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಘಟ್ಟದ ದಾರಿಯೂ ಅದರೊಳಗೇ ಬರಬೇಕು.